ಉಂಡ ಮಣ್ಣಿಗೆ ಮತ್ತೆ ತುತ್ತು

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಪೇಟೆಗಳ ಯಾವ ಗೊಬ್ಬರದಂಗಡಿಯ ಮುಂದೆ ಅರ್ಧ ಗಂಟೆ ನಿಂತರೂ ಕಿವಿಗೆ ಬೀಳುವುದು ಒಂದೇ ಮಾತು: "ಗಿಡ ಯಾಕೋ ಸೊರಗಿದೆ, ಏನಾದ್ರೂ ಕೊಡಿ." ಅಂಗಡಿಯವರು ಕೊಡುತ್ತಾರೆ. ಡಿಎಪಿ ಇಲ್ಲದಿದ್ದರೆ ಕಾಂಪ್ಲೆಕ್ಸ್, ಅದೂ ಇಲ್ಲದಿದ್ದರೆ ನೀರಲ್ಲಿ ಕರಗಿಸಿ ಬಿಡುವ ಮೂರು ಹತ್ತೊಂಬತ್ತರ ಪೊಟ್ಟಣ, ಜೊತೆಗೊಂದು ಬಣ್ಣದ ಬಾಟಲಿ. ಗಿಡ ಯಾವ ಮಣ್ಣಲ್ಲಿದೆ, ಆ ಮಣ್ಣಿಗೆ ಹೋದ ವರ್ಷ ಏನೇನು ಬಿದ್ದಿದೆ, ನೀರು ಬಸಿಯುತ್ತದೆಯೋ ನಿಲ್ಲುತ್ತದೆಯೋ ಎಂದು ಕೇಳುವವರೂ ಇಲ್ಲ, ಕೇಳದೆ ಹೇಳುವವರೂ ಇಲ್ಲ. ಗಿಡ ಬಾಡಿದರೆ ಹಸಿವು, ಹಳದಿಯಾದರೆ ಹಸಿವು, ಹರಳು ಉದುರಿದರೆ ಹಸಿವು, ಚೆನ್ನಾಗಿದ್ದರೆ ಇನ್ನೂ ಚೆನ್ನಾಗಲಿ ಎಂದು ಇನ್ನೊಂದು ಹಿಡಿ. "ಹಾಕಿದಷ್ಟೂ ಫಲ" ಎಂಬ ಈ ನಂಬಿಕೆ ನಮ್ಮ ಭಾಗದಲ್ಲಿ ಬೇರೂರಿರುವಷ್ಟು ಆಳಕ್ಕೆ ನಮ್ಮ ಅಡಿಕೆಯ ಬೇರೂ ಇಳಿದಿಲ್ಲ. ಈ ನಂಬಿಕೆ ಸುಳ್ಳು. ಮೊದಲೇ ಗೊಬ್ಬರ ಬೆರೆತ ಮಣ್ಣಿನಲ್ಲಿ ನಿಂತ ಗಿಡಕ್ಕೆ ಕ್ಯಾಲೆಂಡರ್ ನೋಡಿ ಗೊಬ್ಬರ ಹಾಕುವುದು ಆರೈಕೆಯಲ್ಲ, ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಹಾನಿ.

ಸಸಿಯಿಂದಲೇ ಶುರು ಮಾಡೋಣ. ಅಡಿಕೆ ಸಸಿಯ ಪ್ಲಾಸ್ಟಿಕ್ ಚೀಲಕ್ಕೆ ಏನು ತುಂಬಬೇಕೆಂದು ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಹೇಳಿ ದಶಕಗಳಾದವು. ತೂಕದಲ್ಲಿ 7 ಪಾಲು ಮೇಲ್ಮಣ್ಣು, 3 ಪಾಲು ಕೊಟ್ಟಿಗೆ ಗೊಬ್ಬರ, 2 ಪಾಲು ಮರಳು. ಅಂದರೆ ಚೀಲದ ಕಾಲು ಭಾಗ ಗೊಬ್ಬರವೇ. ಒಂದು ಒಂದೂವರೆ ವರ್ಷದ ಸಸಿ ಗುಂಡಿಗೆ ಇಳಿಯುವಾಗ ಈ ಬುತ್ತಿಯನ್ನು ಕಟ್ಟಿಕೊಂಡೇ ಬರುತ್ತದೆ. ನಾವು ಗುಂಡಿಯ ತಳಕ್ಕೂ ಒಂದು ಪುಟ್ಟಿ ಗೊಬ್ಬರ ಸುರಿದಿರುತ್ತೇವೆ, ಮೇಲೆ ಕೆರೆ ಗೋಡು, ಅಂದರೆ ಹೂಳು, ಮುಚ್ಚಿರುತ್ತೇವೆ. ಅಷ್ಟಾಗಿ ಹದಿನೈದು ದಿನ ಕಳೆಯುವುದರೊಳಗೆ "ಬೇರು ಹಿಡೀಲಿ" ಎಂದು ಗೊಬ್ಬರ ಕರಗಿಸಿದ ನೀರನ್ನು ಬುಡಕ್ಕೆ ಸುರಿಯುವ ಡ್ರೆಂಚಿಂಗ್. ಬೇರು ಹಿಡಿಯಬೇಕಾದದ್ದು ಮಣ್ಣನ್ನು. ಮಣ್ಣಿನ ನೀರಲ್ಲಿ ಉಪ್ಪು ಹೆಚ್ಚಾದರೆ ಎಳೆ ಬೇರಿಗೆ ನೀರು ಎಳೆದುಕೊಳ್ಳುವುದೇ ಕಷ್ಟ. ಬುಡ ಹಸಿಯಾಗಿದ್ದರೂ ಸಸಿ ಬಾಯಾರುತ್ತದೆ. ಸೋಗೆಯ ತುದಿ ಮೊದಲು ಕಂದಾಗಿ, ಆಮೇಲೆ ಸುಟ್ಟಂತೆ ಒಣಗುತ್ತದೆ. ಅಂಥ ಸಸಿಯನ್ನು ಕಿತ್ತು ನೋಡಿದವರಿಗೆ ಗೊತ್ತು: ಬೇರಿನ ತುದಿ ಬೆಳ್ಳಗಿರುವುದಿಲ್ಲ, ಚಹಾದ ಬಣ್ಣಕ್ಕೆ ತಿರುಗಿ, ಉಜ್ಜಿದರೆ ಸಿಪ್ಪೆ ಕಳಚುತ್ತದೆ. ಹನಿ ನೀರಾವರಿಯ ಮೂತಿಯ ಸುತ್ತ, ಒದ್ದೆ ಮುಗಿದು ಒಣನೆಲ ಶುರುವಾಗುವ ಅಂಚಿನಲ್ಲಿ ಒಂದು ಬಿಳಿ ಬಳೆ ಕೂತಿರುತ್ತದೆ. ಬೆರಳಲ್ಲಿ ಕೆರೆದು ನಾಲಿಗೆಗೆ ಮುಟ್ಟಿಸಿ, ಉಪ್ಪು. ತುದಿ ಸುಟ್ಟ ಆ ಸಸಿಗೆ ನಮ್ಮಲ್ಲಿ ಸಿಗುವ ಔಷಧ ಯಾವುದು? ಇನ್ನೊಂದು ಡ್ರೆಂಚಿಂಗ್.

ಸಸಿಯ ಮಾತು ಬಿಡಿ, ಫಲಕ್ಕೆ ಬಂದ ತೋಟದ ಲೆಕ್ಕ ಇದಕ್ಕಿಂತ ವಿಚಿತ್ರ. ಫಲ ಕೊಡುವ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ ಬೇಕಾದದ್ದು 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಜೊತೆಗೆ 12 ಕೆಜಿ ಹಸಿರೆಲೆ, 12 ಕೆಜಿ ಕಾಂಪೋಸ್ಟ್. ಇದು ಶಿಫಾರಸು. ಈಗ ನಮ್ಮ ತೋಟದಲ್ಲಿ ಬೀಳುವುದನ್ನು ನೋಡಿ. ಬೇಸಿಗೆಯಲ್ಲಿ ಲಾರಿಗಟ್ಟಲೆ ಕುರಿ ಗೊಬ್ಬರ ಬರುತ್ತದೆ, ಮರಕ್ಕೊಂದು ಪುಟ್ಟಿ ಎಂದರೆ ಕಮ್ಮಿಯೆಂದರೂ 10 ಕೆಜಿ. ಒಣ ಕುರಿ ಗೊಬ್ಬರದಲ್ಲಿ ಶೇ 3 ಸಾರಜನಕ, ಶೇ 1 ರಂಜಕ, ಶೇ 2 ಪೊಟ್ಯಾಷ್ ಎಂಬುದು ಕೃಷಿ ಕೈಪಿಡಿಗಳ ಸಾಮಾನ್ಯ ಲೆಕ್ಕ. ಲಾರಿಯಲ್ಲಿ ಬರುವುದು ಶುದ್ಧ ಹಿಕ್ಕೆಯಲ್ಲ, ಅರ್ಧಕ್ಕರ್ಧ ಮಣ್ಣೆಂದು ಜಗಳವಾಡದೆ ಒಪ್ಪಿಕೊಳ್ಳೋಣ. ಆಗಲೂ ಪುಟ್ಟಿಯೊಂದರಲ್ಲಿ 150 ಗ್ರಾಂ ಸಾರಜನಕ, 50 ಗ್ರಾಂ ರಂಜಕ, 100 ಗ್ರಾಂ ಪೊಟ್ಯಾಷ್ ಇದೆ. ಸಾರಜನಕದ ಕೋಟಾ ಮುಗಿದು ಮಿಕ್ಕಿತು, ರಂಜಕದ್ದೂ ಮುಗಿಯಿತು. ಕಡಿಮೆ ಬಿದ್ದದ್ದು 40 ಗ್ರಾಂ ಪೊಟ್ಯಾಷ್ ಒಂದೇ. ಅದಕ್ಕೆ ಮರಕ್ಕೊಂದು ಹಿಡಿ ಎಂಒಪಿ, ಅಂದರೆ ಪೊಟ್ಯಾಷ್ ಗೊಬ್ಬರ, ಸಾಕು. ನಾವು ಮೇಲೆ ಹಾಕುವುದೇನು? ಮರಕ್ಕೆ ಕಾಲು ಕೆಜಿ ಡಿಎಪಿ! ಡಿಎಪಿಯಲ್ಲಿ ಇರುವುದು ಶೇ 18 ಸಾರಜನಕ, ಶೇ 46 ರಂಜಕ. ಪೊಟ್ಯಾಷ್ ಒಂದು ಗ್ರಾಂ ಇಲ್ಲ. ಇಲ್ಲದ್ದನ್ನು ಕೊಡದೆ, ಇದ್ದದ್ದನ್ನೇ ಹೇರುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಹುಡುಕಿದರೂ ಸಿಗಲಿಕ್ಕಿಲ್ಲ.

ಕಾಲು ಕೆಜಿ ಡಿಎಪಿ ಎಂದರೆ 115 ಗ್ರಾಂ ರಂಜಕ, ವರ್ಷದ ಅಗತ್ಯದ ಹೆಚ್ಚೂಕಮ್ಮಿ ಮೂರು ಪಟ್ಟು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಎಕರೆಗೆ ಸುಮಾರು 550 ಮರ. ಇಡೀ ಎಕರೆಯ ರಂಜಕದ ಅಗತ್ಯ ಒಂದೇ ಮೂಟೆ ಡಿಎಪಿಯಲ್ಲಿ ತೀರುತ್ತದೆ, ಅದೂ ಬೇರೆ ಯಾವ ಗೊಬ್ಬರವನ್ನೂ ಹಾಕದಿದ್ದರೆ. ಎಕರೆಗೆ ಮೂರು ಮೂಟೆ ಹಾಕಿ, ಮೇಲೆ ಕುರಿ ಗೊಬ್ಬರ, ಅದರ ಮೇಲೆ ಗೋಡು ಹೊಡೆಸಿದವರು ನಮ್ಮಲ್ಲಿ ಅಪರೂಪವೇನಲ್ಲ. ಮದುವೆ ಮನೆಯಲ್ಲಿ ಅದನ್ನು ಹೇಳಿಕೊಳ್ಳುವುದೂ ಉಂಟು.

ಕುರಿ ಗೊಬ್ಬರ ತನ್ನ ಸತ್ವವನ್ನೆಲ್ಲ ಮೊದಲ ವರ್ಷವೇ ಬಿಟ್ಟುಕೊಡುವುದಿಲ್ಲವಲ್ಲ ಎಂದು ತಿಳಿದವರು ಕೇಳಬಹುದು. ನಿಜ. ಅರ್ಧವೋ ಮೂರನೇ ಒಂದೋ ಈ ವರ್ಷ, ಉಳಿದದ್ದು ಮುಂದಿನ ವರ್ಷಗಳಿಗೆ. ಆದರೆ ಪ್ರತಿ ವರ್ಷ ಹಾಕುವವನ ತೋಟದಲ್ಲಿ ಹಿಂದಿನ ವರ್ಷಗಳ ಬಾಕಿಯೂ ಈ ವರ್ಷವೇ ಕೈಗೆ ಬರುತ್ತಿರುತ್ತದೆ. ಈ ಬಾಕಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಂಜಕವಂತೂ ಮಣ್ಣು ಬಿಟ್ಟು ಕದಲುವುದೇ ಅಪರೂಪ. ಶಿವನಿ, ಅಜ್ಜಂಪುರದ ಎರೆಯಲ್ಲಿ ಅದು ಸುಣ್ಣದ ಜೊತೆ ಸೇರಿ ಕೂರುತ್ತದೆ; ತರೀಕೆರೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಹಿಡಿದುಕೊಳ್ಳುತ್ತವೆ. ಕೂತದ್ದು ಸುಮ್ಮನೆ ಕೂರುವುದಿಲ್ಲ, ಸತುವಿನ ದಾರಿಗೆ ಅಡ್ಡ ನಿಲ್ಲುತ್ತದೆ. ರಂಜಕ ಅತಿಯಾದ ಮಣ್ಣಲ್ಲಿ ಸತು ಇದ್ದರೂ ಗಿಡಕ್ಕೆ ದಕ್ಕುವುದು ಕಷ್ಟ. 2009ರಲ್ಲಿ ರಾಜ್ಯದಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ಇಕ್ರಿಸ್ಯಾಟ್ ವಿಜ್ಞಾನಿಗಳು ಹೊಲ ಹೊಲದ ಮಣ್ಣು ಪರೀಕ್ಷಿಸಿದಾಗ ಎದ್ದು ಕಂಡದ್ದು ಸತು, ಬೋರಾನ್, ಗಂಧಕದ ಕೊರತೆ. ಮೂಟೆಗಟ್ಟಲೆ ಡಿಎಪಿ ಹೊತ್ತ ನಾವು ಇವುಗಳ ಹೆಸರು ಕೇಳಿದ್ದೇ ತಡವಾಗಿ.

ಈ ಭಾಗದ ಹಳದಿಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. "ಹಳದಿ ಎಂದರೆ ಹಸಿವು" ಎಂಬ ತೀರ್ಮಾನವೇ ಈ ಎಲ್ಲ ಗೊಬ್ಬರಕ್ಕೂ ಬಾಗಿಲು ತೆರೆಯುವುದು. ಸಾರಜನಕ ಗಿಡದೊಳಗೆ ಓಡಾಡುವ ವಸ್ತು. ಕೊರತೆಯಾದರೆ ಗಿಡ ಅದನ್ನು ಹಳೆಯ ಎಲೆಯಿಂದ ಕಿತ್ತು ಎಳೆಯದಕ್ಕೆ ಕಳಿಸುತ್ತದೆ. ಹಾಗಾಗಿ ನಿಜವಾದ ಸಾರಜನಕದ ಹಸಿವಿನಲ್ಲಿ ಮೊದಲು ಹಳದಿಯಾಗುವುದು ಕೆಳಗಿನ ಸೋಗೆ. ಕಬ್ಬಿಣ ಹಾಗೆ ಓಡಾಡುವುದಿಲ್ಲ. ಅದು ಸಿಗದಿದ್ದರೆ ಸುಳಿಯ ಪಕ್ಕದ ಹೊಸ ಎಲೆ ಬಿಳಿಚುತ್ತದೆ, ನರಗಳು ಹಸಿರಾಗೇ ಉಳಿಯುತ್ತವೆ. ಕಡೂರಿನ ಬಯಲು ಸೀಮೆಯಲ್ಲಿ, ಯಗಟಿ, ಪಂಚನಹಳ್ಳಿ, ಸಿಂಗಟಗೆರೆ ಕಡೆಯ ಹೊಸ ತೋಟಗಳಲ್ಲಿ ತಲೆಯೆತ್ತಿ ನೋಡಿ, ಹಳದಿ ಎಲ್ಲಿದೆ? ಎಷ್ಟೋ ಕಡೆ ಮೇಲೆಯೇ. ಮಣ್ಣಿನ ರಸಸಾರ 8 ದಾಟಿದಲ್ಲಿ, ಕೊಳವೆಬಾವಿಯ ಗಡಸು ನೀರು ವರ್ಷಗಟ್ಟಲೆ ಸುಣ್ಣದಂಶ ತಂದು ಸುರಿದಲ್ಲಿ ಮಣ್ಣಲ್ಲಿ ಕಬ್ಬಿಣ ಇದ್ದೂ ಇಲ್ಲದ ಹಾಗೆ. ಅಲ್ಲಿಗೆ ಯೂರಿಯಾ ಹಾಕಿದರೆ ಎಲೆ ಹಸಿರಾಗುವುದಿಲ್ಲ, ಡಿಎಪಿ ಹಾಕಿದರೆ ಕಬ್ಬಿಣ ಇನ್ನಷ್ಟು ದೂರವಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಮಾತು ನಮ್ಮ ತೋಟಗಳನ್ನು ನೋಡಿಯೇ ಹುಟ್ಟಿರಬೇಕು.

ಹಿಡಿಮುಂಡಿಗೆ ಕಂಡ ತೋಟಗಳದ್ದೂ ಇದೇ ಹಣೆಬರಹ. ಸೋಗೆ ಗಿಡ್ಡವಾಗಿ, ಮುರುಟಿ, ಗಣ್ಣು ಗಣ್ಣಿನ ನಡುವಿನ ಅಂತರ ಕುಗ್ಗಿ, ತಲೆ ಒಂದು ಮುಷ್ಟಿಯಂತಾಗುವ ಈ ತೊಂದರೆ ಹೆಚ್ಚಾಗಿ ಕಾಣುವುದು ನೀರು ಬಸಿಯದ, ಕೆಳಗೆ ಗಟ್ಟಿ ಪದರವಿರುವ ಜಾಗದಲ್ಲಿ. ಬೇರಿಗೆ ಉಸಿರಿಲ್ಲ. ಅಲ್ಲಿ ಮಾಡಬೇಕಾದ ಕೆಲಸ ಬಸಿಗಾಲುವೆ ಆಳ ಮಾಡಿಸುವುದು, ಗಟ್ಟಿ ಪದರ ಒಡೆಯುವುದು. ಅದು ಬೆವರಿನ ಕೆಲಸ, ಆಳಿನ ಖರ್ಚು. ಆದ್ದರಿಂದ ಮೂಟೆ ಬಿಚ್ಚುತ್ತೇವೆ. ಗದ್ದೆ ಬಯಲನ್ನೇ ತೋಟ ಮಾಡಿರುವ ಭದ್ರಾ ಅಚ್ಚುಕಟ್ಟಿನ ಅಂಚಿನಲ್ಲಂತೂ ಈ ಮಾತನ್ನು ನೂರು ಸಲ ಹೇಳಬೇಕಾಗುತ್ತದೆ: ನೀರು ನಿಂತ ಬೇರು ಉಣ್ಣಲಾರದು, ತಟ್ಟೆಯಲ್ಲಿ ಎಷ್ಟು ಬಡಿಸಿದರೂ.

ಗೋಡಿನ ವಿಷಯ. ಕೆರೆಯ ಹೂಳು ಹೊಲಕ್ಕೆ ಹೊಡೆಸುವುದು ಈ ಸೀಮೆಯ ಹಳೆಯ, ಒಳ್ಳೆಯ ಪದ್ಧತಿ. ನಾನು ಅದರ ವಿರೋಧಿಯಲ್ಲ. ಮದಗದ ಕೆರೆ, ಅಯ್ಯನಕೆರೆಯಂಥ ದೊಡ್ಡ ಕೆರೆಗಳ ನಾಡು ಇದು, ಕೆರೆಗಳಿಂದಲೇ ಹೆಸರು ಪಡೆದ ಊರು ತರೀಕೆರೆ. ಹೂಳಿನ ಜೇಡಿ ಕಣಗಳು ಮರಳು ನೆಲಕ್ಕೆ ನೀರು ಹಿಡಿಯುವ ಶಕ್ತಿ ಕೊಡುತ್ತವೆ, ಪೊಟ್ಯಾಷನ್ನೂ ಸಾವಯವ ಇಂಗಾಲವನ್ನೂ ತರುತ್ತವೆ. ಕೆಮ್ಮಣ್ಣಿನ, ಗರಸಿನ ನೆಲಕ್ಕೆ ಅದು ವರ. ಆದರೆ ಗೋಡು ಹೊಡೆಸಿದ ಮೇಲೆ ಮಣ್ಣೇ ಬೇರೆಯಾಯಿತು ಎಂಬುದನ್ನು ಒಪ್ಪಿಕೊಳ್ಳಬೇಕಲ್ಲ? ಎಕರೆಗೆ ಮೂರಂಗುಲ ಗೋಡು ಹರಡಿದರೆ ಸುಮಾರು 300 ಘನ ಮೀಟರ್, ನಾನೂರು ಟನ್ನಿನ ಆಸುಪಾಸು. ಇಷ್ಟು ಹೊಸ ಮಣ್ಣು ಬಂದು ಬಿದ್ದರೂ ಗೊಬ್ಬರದ ಚೀಟಿ ಮಾತ್ರ ಹೋದ ವರ್ಷದ್ದೇ! ಇನ್ನು ಎರೆ ನೆಲಕ್ಕೇ ಎರೆ ಸೀಮೆಯ ಕೆರೆಯ ಗೋಡು ಹೊಡೆಸುವವರಿದ್ದಾರೆ, ಸುಣ್ಣದ ಹರಳಿನ ಸಮೇತ. ಅಲ್ಲಿ ಸೇರುವುದು ಸತ್ವಕ್ಕಿಂತ ಬಿಗಿತ.

ಅಜ್ಜಂಪುರದ ಈರುಳ್ಳಿಗೂ ಒಂದು ಮಾತು. ಗೆಡ್ಡೆ ಕಟ್ಟಲು ಶುರುವಾದ ಮೇಲೆ, ದರ ಏರುವ ಸುದ್ದಿ ಬಂದಾಗ, ಯೂರಿಯಾ ಎರಚುವ ಚಾಳಿಯಿದೆ. ತಡವಾಗಿ ಬಿದ್ದ ಸಾರಜನಕ ಗೆಡ್ಡೆಗೆ ಹೋಗುವುದಕ್ಕಿಂತ ಎಲೆಗೆ ಹೋಗುತ್ತದೆ. ಕತ್ತು ದಪ್ಪವಾಗಿ ಮುಚ್ಚಿಕೊಳ್ಳುವುದಿಲ್ಲ, ಮಾಗುವುದು ತಡ, ಗೂಡಿನಲ್ಲಿಟ್ಟರೆ ಕತ್ತಿನಿಂದಲೇ ಕೊಳೆ ಇಳಿಯುತ್ತದೆ. ತೂಕ ಸಿಕ್ಕಿತೆಂದು ಬೀಗಿದವನು ಎರಡು ತಿಂಗಳಿಗೆ ಕೊಳೆತದ್ದನ್ನು ಆರಿಸುತ್ತ ಕೂರುತ್ತಾನೆ. ಆಗ ಬೈಗುಳ ಮಳೆಗೆ.

ಹೆಚ್ಚು ಗೊಬ್ಬರ ಹಾಕುವವರ ಪಕ್ಷಕ್ಕೂ ಒಂದು ಗಟ್ಟಿ ವಾದವಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ಅಡಿಕೆ ಕ್ವಿಂಟಾಲಿಗೆ ನಲವತ್ತು ಐವತ್ತು ಸಾವಿರ ಮುಟ್ಟುವ ಕಾಲದಲ್ಲಿ 1,350 ರೂಪಾಯಿಯ ಡಿಎಪಿ ಮೂಟೆ ಯಾವ ಲೆಕ್ಕ? ಯೂರಿಯಾ ಮೂಟೆಯಂತೂ ಮುನ್ನೂರು ರೂಪಾಯಿಯೊಳಗೆ. ಬೇಕೋ ಬೇಡವೋ, ಹಾಕಿಬಿಟ್ಟರೆ ವಿಮೆ ಮಾಡಿಸಿದ ನೆಮ್ಮದಿ. ಅರ್ಧ ಕ್ವಿಂಟಾಲ್ ಹೆಚ್ಚು ಬಂದರೆ ಖರ್ಚಿನ ಹತ್ತು ಪಟ್ಟು ಲಾಭ. ಬಾರದಿದ್ದರೆ ಹೋದದ್ದು ಅಷ್ಟೇ. ಇದು ದಡ್ಡರ ವಾದವಲ್ಲ. ಆದರೆ ಇದು ನಿಲ್ಲಬೇಕಾದರೆ ಹೆಚ್ಚಾದ ಗೊಬ್ಬರ ಸುಮ್ಮನೆ ವ್ಯರ್ಥವಾಗಬೇಕು, ಕೆಡುಕು ಮಾಡಬಾರದು. ಅದು ಕೆಡುಕು ಮಾಡುತ್ತದೆ ಎಂಬಲ್ಲೇ ಈ ವಿಮೆ ಕುಸಿಯುವುದು. ಸಾರಜನಕ ಉಬ್ಬಿಸಿದ ಮೆತ್ತನೆಯ ಎಲೆ ಶಿಲೀಂಧ್ರಕ್ಕೂ ರಸ ಹೀರುವ ಹುಳಕ್ಕೂ ಸಲೀಸು. ಎಲೆಚುಕ್ಕೆಯ ಹೆಸರಲ್ಲಿ ಔಷಧಿ ಹೊಡೆಸುವ ಖರ್ಚನ್ನು ಯಾರೂ ಗೊಬ್ಬರದ ಖಾತೆಗೆ ಬರೆಯುವುದಿಲ್ಲ. ಪೊಟ್ಯಾಷ್ ಮಿತಿಮೀರಿದರೆ ಮೆಗ್ನೀಸಿಯಂ ಹೀರಿಕೆ ಕುಗ್ಗುತ್ತದೆ. ಎಂಒಪಿಯಲ್ಲಿ ಅರ್ಧದಷ್ಟು ತೂಕ ಕ್ಲೋರೈಡ್, ಉಪ್ಪಿನ ಹೊರೆ ಬೇರೆ. ಕೆಮ್ಮಣ್ಣಿನಲ್ಲಿ ಉಳಿದ ನೈಟ್ರೇಟ್ ಮಳೆ ನೀರಿನೊಂದಿಗೆ ಕೆಳಗಿಳಿಯುತ್ತದೆ. ಕೆಳಗೆ ಇರುವುದು ನಮ್ಮದೇ ಕೊಳವೆಬಾವಿ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ತೋಟದ ಬಾವಿಯ ನೀರನ್ನೇ ಮನೆಗೂ ತಿರುಗಿಸಿಕೊಂಡವರು ಅದನ್ನೊಮ್ಮೆ ಪರೀಕ್ಷೆ ಮಾಡಿಸಿದ್ದಾರೆಯೇ?

"ನಮ್ಮದು ಸಾವಯವ, ನಮಗೆ ಈ ಮಾತು ಅನ್ವಯಿಸುವುದಿಲ್ಲ" ಎನ್ನುವ ಬಂಧುಗಳೂ ಬರಲಿ. ಬೇರಿಗೆ ಮೂಟೆಯ ನೈಟ್ರೇಟು, ಹಿಕ್ಕೆಯ ನೈಟ್ರೇಟು ಎಂಬ ಭೇದವಿಲ್ಲ. ಹಸಿ ಕೋಳಿ ಗೊಬ್ಬರವನ್ನು ಬುಡಕ್ಕೇ ಸುರಿದು ಮರ ಸುಟ್ಟುಕೊಂಡವರು ಎಷ್ಟು ಜನ! ಸಾವಯವದ ದೊಡ್ಡ ಗುಣವೆಂದರೆ ನಿಧಾನ. ಆ ನಿಧಾನವೇ ಮರೆವಿಗೂ ಕಾರಣ. ಇಂದು ಹಾಕಿದ್ದು ಮೂರನೇ ವರ್ಷಕ್ಕೂ ಕೆಲಸ ಮಾಡುತ್ತಿರುವಾಗ ನಾವು ಅದನ್ನು ಮರೆತು ಇನ್ನೊಂದು ಲಾರಿಗೆ ಮುಂಗಡ ಕೊಟ್ಟಿರುತ್ತೇವೆ. ಹೈದರ್, ಟಿಪ್ಪು ಕಾಲದಲ್ಲಿ ಸೇನೆಯ ಸಾಮಾನು ಎಳೆದ ಅಮೃತ್ ಮಹಲ್ ದನಗಳ ಕೇಂದ್ರ ಇರುವುದು ಅಜ್ಜಂಪುರದಲ್ಲಿ. ಅಂಥ ಊರ ಸುತ್ತಲೂ ಹಟ್ಟಿ ಖಾಲಿ ಮಾಡಿ, ಗೊಬ್ಬರವನ್ನು ಲಾರಿಯಲ್ಲಿ ಕೊಳ್ಳುವ ಸ್ಥಿತಿ ಬಂದಿದೆ. ಮನೆಯ ದನ ಹಾಕಿದಷ್ಟೇ ಗೊಬ್ಬರ ಎಂಬ ಮಿತಿ ತಾನಾಗಿ ಇತ್ತು, ಲಾರಿಗೆ ಮಿತಿಯಿಲ್ಲ.

ಸರ್ಕಾರದ ಪಾಲನ್ನೂ ಹೇಳದೆ ಬಿಡಲಾಗದು. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟು ಅಗ್ಗವಾಗಿಯೇ ಉಳಿಸಿದರು. ಅಗ್ಗದ ವಸ್ತು ಕೈಗೆ ಮೊದಲು ಸಿಗುತ್ತದೆ. 2015ರಲ್ಲಿ ಮಣ್ಣು ಆರೋಗ್ಯ ಕಾರ್ಡ್ ಬಂತು, ಹನ್ನೆರಡು ಅಂಶಗಳ ಪರೀಕ್ಷೆ, ಒಳ್ಳೆಯ ಆಲೋಚನೆ. ಆದರೆ ಮಾದರಿ ತೆಗೆದದ್ದು ನೀರಾವರಿ ಭೂಮಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತದಲ್ಲಿ ಹತ್ತು ಹೆಕ್ಟೇರಿಗೆ ಒಂದು. ನಿಮ್ಮ ಒಂದೆಕರೆಗೆ ಗೋಡು ಹೊಡೆಸಿದ್ದೀರಿ, ಪಕ್ಕದವರು ಹೊಡೆಸಿಲ್ಲ. ಇಬ್ಬರ ಕೈಯಲ್ಲೂ ಒಂದೇ ಚೀಟಿ. ಅಂಥ ಚೀಟಿ ಗೋಡೆಯ ಮೊಳೆಗೆ ಸರಿ. ನಿಮ್ಮ ತೋಟದ ಮಣ್ಣನ್ನು ನೀವೇ ತೆಗೆದು, ಗೋಡು ಹಾಕಿದ ತುಂಡು ಬೇರೆ ಹಾಕದ ತುಂಡು ಬೇರೆ ಮಾಡಿ ಪರೀಕ್ಷೆಗೆ ಕೊಟ್ಟು ಬರುವುದು ಒಂದು ಬೆಳಗಿನ ಕೆಲಸ. ಅಡಿಕೆಯ ಬೇರು ಹೆಚ್ಚಾಗಿ ಇರುವುದು ಬುಡದಿಂದ ಎರಡು ಎರಡೂವರೆ ಅಡಿ ದೂರದೊಳಗೆ, ಎರಡು ಅಡಿ ಆಳದವರೆಗೆ. ಮಣ್ಣು ತೆಗೆಯಬೇಕಾದದ್ದೂ ಅಲ್ಲಿಂದಲೇ, ಬದುವಿನ ಮೇಲಿಂದಲ್ಲ.

ಇಷ್ಟಾದರೂ ಈ ನಂಬಿಕೆ ಯಾಕೆ ಸಾಯುವುದಿಲ್ಲ? ಕಾರಣ ಮರದ ಒಳಗೇ ಇದೆ. ಅಡಿಕೆ, ತೆಂಗಿನಲ್ಲಿ ಹೊಂಬಾಳೆ ಬಿರಿಯುವುದಕ್ಕೆ ಬಹಳ ಮುಂಚೆಯೇ ಅದರ ಮೊಳಕೆ ಮರದ ಒಡಲಲ್ಲಿ ರೂಪುಗೊಂಡಿರುತ್ತದೆ; ತೆಂಗಿನಲ್ಲಂತೂ ಎರಡು ವರ್ಷಕ್ಕೂ ಮುಂಚೆ. ಈ ಸಲದ ಗೊನೆ ದೊಡ್ಡದಾದದ್ದರಲ್ಲಿ ಹಿಂದಿನ ಮಳೆಗಾಲಗಳ, ಹಿಂದಿನ ಬೇಸಿಗೆಗಳ ನೀರಿನ ಪಾಲು ದೊಡ್ಡದು. ಮುಂಗಾರಲ್ಲಿ ಡಿಎಪಿ ಹಾಕಿ, ಅದೇ ದೀಪಾವಳಿಗೆ ಗೊನೆ ಇಳಿಸಿ, "ನೋಡಿ, ಹಾಕಿದ್ದಕ್ಕೆ ಬಂತು" ಎನ್ನುವವರು ಸುಳ್ಳು ಹೇಳುತ್ತಿಲ್ಲ; ಕಂಡದ್ದನ್ನೇ ಹೇಳುತ್ತಿದ್ದಾರೆ. ಕಂಡ ಎರಡು ಸಂಗತಿಗಳ ನಡುವೆ ಅವರು ಕಟ್ಟಿದ ದಾರ ಮಾತ್ರ ತಪ್ಪು. ಯೂರಿಯಾ ವಾರದೊಳಗೆ ಎಲೆಗೆ ಕಡು ಹಸಿರು ತರುತ್ತದೆ, ಕಣ್ಣಿಗೆ ಹಬ್ಬ. ಆ ಹಸಿರನ್ನು ಮಂಡಿಯಲ್ಲಿ ಯಾರೂ ತೂಗುವುದಿಲ್ಲ.

ನನ್ನ ಮಾತು ನಂಬಬೇಡಿ, ಅಂಗಡಿಯವರ ಮಾತೂ ಬೇಡ. ಗೋಡು ಹೊಡೆಸಿ ಕುರಿ ಗೊಬ್ಬರ ಹಾಕಿದ ತೋಟದಲ್ಲೇ ನಡುವಿನ ಎರಡು ಸಾಲು ಆರಿಸಿ. ಅಂಚಿನ ಸಾಲು ಬೇಡ, ಅದಕ್ಕೆ ಬಿಸಿಲು ಹೆಚ್ಚು. ಒಂದು ಸಾಲಿಗೆ ಎಂದಿನಂತೆ ಎಲ್ಲ ಹಾಕಿ. ಇನ್ನೊಂದಕ್ಕೆ ಮೂಟೆಯ ಗೊಬ್ಬರ ನಿಲ್ಲಿಸಿ. ಮಣ್ಣು ಪರೀಕ್ಷೆ ಪೊಟ್ಯಾಷ್ ಬೇಕೆಂದರೆ ಅದಷ್ಟೇ, ಸತು ಬೇಕೆಂದರೆ ಅದಷ್ಟೇ. ನೀರು ಎರಡಕ್ಕೂ ಒಂದೇ. ಒಂದು ವರ್ಷದಲ್ಲಿ ಏನೂ ಗೊತ್ತಾಗುವುದಿಲ್ಲ, ಮೂರು ವರ್ಷ ಬೇಕು. ಮರಗಳಿಗೆ ಬಣ್ಣದ ಪಟ್ಟಿ ಬಳಿದಿಡಿ, ಇಲ್ಲದಿದ್ದರೆ ಕೊನೆಗಾರ ಎಲ್ಲವನ್ನೂ ಒಂದೇ ರಾಶಿಗೆ ಸೇರಿಸಿಬಿಡುತ್ತಾನೆ. ಪ್ರತಿ ಕೊಯ್ಲಿಗೂ ಎರಡು ಸಾಲಿನ ಹಸಿ ಅಡಿಕೆ ಬೇರೆ ಬೇರೆ ತೂಗಿ, ತೂಕದ ಪಕ್ಕದಲ್ಲಿ ಆ ಸಾಲಿಗಾದ ಗೊಬ್ಬರದ, ಔಷಧಿಯ ಖರ್ಚನ್ನೂ ಬರೆದಿಡಿ. ಮೂರನೇ ವರ್ಷ ಡಿಎಪಿ ಸಾಲು ಗೆದ್ದರೆ ಆ ಪುಸ್ತಕ ಹಿಡಿದುಕೊಂಡು ನನ್ನ ಹತ್ತಿರ ಜಗಳಕ್ಕೆ ಬನ್ನಿ, ಬೀರೂರಿನ ಸಂತೆಯಲ್ಲೇ ಸಿಗುತ್ತೇನೆ.